ಅಕ್ಕಚ್ಚಿನ ಬಾನಿ ಮತ್ತು ಘಟ್ಟದ ತಿರುವು

(ಮಹಿಳಾ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಗಳಲ್ಲಿ ‘ಕಸ’ ಎಂಬ ಮಾತಿಗೆ ಬಹುಕಾಲದವರೆಗೆ ಗುಡಿಸಿದ ಧೂಳು, ಅಂಗಳದ ತರಗೆಲೆ ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ಅಡುಗೆಮನೆಯಿಂದ ಹೊರಬಂದುದಕ್ಕೆಲ್ಲ ಒಂದು ದಾರಿಯಿತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿಯ ಸಿಪ್ಪೆ ಅಕ್ಕಚ್ಚಾಗಿ ಕೊಟ್ಟಿಗೆ ಸೇರುತ್ತಿದ್ದವು. ಬಚ್ಚಲ ನೀರು ಬಾಳೆಯ ಬುಡಕ್ಕೆ, ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ. ಹಲಸಿನ ಬೇಳೆಗೆ ಕೆಮ್ಮಣ್ಣು ಬಳಿದು ಮಳೆಗಾಲಕ್ಕೆ ಕಾದಿರಿಸಲಾಗುತ್ತಿತ್ತು. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು. ದಾಳಿಂಬೆಯ ಸಿಪ್ಪೆ ತಂಬುಳಿಯಾಗುತ್ತಿತ್ತು. ಇದನ್ನು ಯಾರೂ ಪರಿಸರ ಸಂರಕ್ಷಣೆಯೆಂದು ಕರೆದಿರಲಿಲ್ಲ. ಬಡತನದ ಪಾಲೂ ಅದರಲ್ಲಿತ್ತು. ದುಡಿಮೆಯ ಭಾರವೆಲ್ಲ ಹೆಂಗಸರ ಮೇಲಿತ್ತೆಂಬುದನ್ನೂ ಮರೆಮಾಚಬೇಕಾಗಿಲ್ಲ.

ಈಗ ಹಲವು ಮನೆಗಳ ಕೊಟ್ಟಿಗೆ ಬರಿದಾಗಿದೆ. ಹಸು ಹೋದ ಮೇಲೆ ಅಕ್ಕಚ್ಚಿನ ಬಾನಿಯೂ ಹೋಯಿತು. ಸಿಪ್ಪೆ, ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಘಟ್ಟದ ತಿರುವಿನಲ್ಲಿ ಎಸೆಯುವ ರೂಢಿ ಬಂದಿದೆ. ವಾಸನೆಗೆ ಬರುವ ದನಗಳು ಅನ್ನದೊಡನೆ ಚೀಲವನ್ನೂ ನುಂಗುತ್ತವೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗದು, ಸುಲಭವಾಗಿ ಮುಂದಕ್ಕೂ ಸಾಗದು. ಹೊಟ್ಟೆ ತುಂಬಿದಂತೆ ಕಾಣುತ್ತಲೇ ಹಸು ಸೊರಗುತ್ತದೆ. ಉಳಿದದ್ದನ್ನು ಮುಂಗಾರು ಹಳ್ಳಕ್ಕೆ ತಳ್ಳುತ್ತದೆ. ಆ ಹಳ್ಳದ ನೀರನ್ನೇ ಕೆಳಗಿನ ಊರು ಕುಡಿಯುತ್ತದೆ.

ಊರಾಚೆ ಸಾಗಿಸಿದರೆ ತೊಂದರೆ ತೀರಿತೆಂಬುದೂ ಭ್ರಮೆ. ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರದ ಜನ 2012ರಲ್ಲಿ, ಮಂಡೂರಿನ ಜನ 2014ರಲ್ಲಿ ಅದನ್ನು ವಿರೋಧಿಸಿ ನಿಂತುದು ಸುಮ್ಮನೆ ಅಲ್ಲ. ಗಾಳಿಯಿಲ್ಲದ ರಾಶಿಯಲ್ಲಿ ಕೊಳೆಯುವ ಹಸಿಕಸ ಮೀಥೇನ್ ಅನಿಲವನ್ನೂ ಅಂತರ್ಜಲ ಕೆಡಿಸುವ ಕಪ್ಪು ರಸವನ್ನೂ ಬಿಡುತ್ತದೆ. ಮನೆಯಲ್ಲಿಯೇ ಹಸಿ, ಒಣ, ಅಪಾಯಕಾರಿ ಎಂದು ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದು ಇದಕ್ಕಾಗಿಯೇ.

ಗೊಬ್ಬರ ಮಾಡುವ ಪುಸ್ತಕಗಳು ಸಾಮಾನ್ಯವಾಗಿ ಗುಂಡಿ ತೋಡಲು ಹೇಳುತ್ತವೆ. ಮಲೆನಾಡಿನ ಮಳೆಗೆ ಅದು ಹೊಂದದು. ಜುಲೈನಲ್ಲಿ ಗುಂಡಿ ಬಾವಿಯಾಗುತ್ತದೆ. ಇಲ್ಲಿ ಬೇಕಾದುದು ನೆಲದಿಂದ ಎತ್ತರಿಸಿ, ಮಾಡಿನಡಿ ಇಟ್ಟ, ಸುತ್ತ ರಂಧ್ರಗಳಿರುವ ಹಳೆಯ ಡ್ರಮ್ಮು ಅಥವಾ ಬಿದಿರಿನ ಬುಟ್ಟಿ. ಒಂದು ಪಾಲು ಸಿಪ್ಪೆಗೆ ಎರಡು ಪಾಲು ದರಕು, ನಡುನಡುವೆ ಹಿಡಿ ಹಳೆಯ ಗೊಬ್ಬರ. ಹಸಿಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಇಂಗಾಲ ಸುಮಾರು 25–30 ಪಾಲಿಗೆ ಸಾರಜನಕ 1 ಪಾಲಿದ್ದರೆ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಲೆಕ್ಕಕ್ಕಿಂತ ಮೂಗನ್ನು ನಂಬುವುದೇ ಲೇಸು. ನಾತ ಬಂದರೆ ಗಾಳಿ ಸಾಲದು, ದರಕು ಸೇರಿಸಿ ಮಗುಚಬೇಕು. ಹಿಂಡಿದರೆ ನೀರು ಸುರಿಯದೆ ಕೈಗೆ ಪಸೆ ಹತ್ತುವಷ್ಟಿದ್ದರೆ ಹದ ಸರಿ. ಆದ್ದರಿಂದ ದರಕನ್ನು ಬೇಸಿಗೆಯಲ್ಲಿಯೇ ಚೀಲ ತುಂಬಿ ಅಟ್ಟಕ್ಕೇರಿಸಬೇಕು. ಮಳೆ ಹಿಡಿದ ಮೇಲೆ ಒಣ ಎಲೆ ಸಿಗುವುದಿಲ್ಲ.

ಬೂದಿಯ ವಿಷಯದಲ್ಲಿ ಎಚ್ಚರ ಬೇಕು. ಹಸಿ ಸಗಣಿ, ಸಿಪ್ಪೆಯೊಡನೆ ಅದನ್ನು ಹೆಚ್ಚಾಗಿ ಬೆರೆಸಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಮಳೆಗೆ ತೊಳೆದು ಹುಳಿಯಾದ ಇಲ್ಲಿನ ಮಣ್ಣಿಗೆ, ಬಾಳೆಯ ಬುಡಕ್ಕೆ, ಪ್ರತ್ಯೇಕವಾಗಿ ಸ್ವಲ್ಪ ಸ್ವಲ್ಪ ಹಾಕುವುದು ಒಳ್ಳೆಯದು. ಉಪ್ಪಿನಕಾಯಿಯ ರಸ, ಕರಿದ ಎಣ್ಣೆ ಡ್ರಮ್ಮಿಗೆ ಬೇಡ.

ಅಂಗಳವೇ ಇಲ್ಲದ ಬಾಡಿಗೆ ಮನೆಯವರು ಏನು ಮಾಡಬೇಕೆಂದು ತಾವು ಕೇಳಬಹುದು. ಹತ್ತಿರದಲ್ಲಿ ಹಸು ಸಾಕುವ ಮನೆಯೊಂದಿದ್ದರೆ ಅಂದಂದಿನ ತಾಜಾ ಸಿಪ್ಪೆಯನ್ನು ಅಲ್ಲಿನ ಬಾನಿಗೆ ತಲುಪಿಸಬಹುದು. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ ಅದರೊಳಗೆ ಬಿದ್ದಿಲ್ಲವಷ್ಟೇ ಎಂದು ಒಮ್ಮೆ ಕೈಯಾಡಿಸಿ ನೋಡಬೇಕು.