ಹತ್ತಿಯ ನಾಡಿನ ಊಟ

ಅಮೆರಿಕ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಮೃದ್ಧಿಯ ಚಿತ್ರ. ಹಾಲು, ಮೊಟ್ಟೆ, ಮಾಂಸ, ಹಣ್ಣು, ಯಾವುದಕ್ಕೂ ಕೊರತೆಯಿಲ್ಲದ ದೇಶ ಅದು. ಆದರೆ ಆ ದೇಶದ ದಕ್ಷಿಣ ಸೀಮೆಯಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ, ಸುಮಾರು 30 ಲಕ್ಷ ಜನ ಊಟದ ಕೊರೆಯಿಂದಲೇ ಬರುವ ಒಂದು ರೋಗಕ್ಕೆ ತುತ್ತಾದರೆಂದೂ ಅವರಲ್ಲಿ 1 ಲಕ್ಷದಷ್ಟು ಮಂದಿ ಸತ್ತರೆಂದೂ ಅಂದಾಜು. ಆ ರೋಗದ ಹೆಸರು ಪೆಲಾಗ್ರ. ಇಟಲಿಯ ಮಾತಿನಲ್ಲಿ ಒರಟು ಚರ್ಮ ಎಂದು ಅರ್ಥ. ಬಿಸಿಲು ಬೀಳುವ ಕೈ, ಮುಖ, ಕತ್ತುಗಳ ಚರ್ಮ ಕೆಂಪೇರಿ ಸುಲಿಯುತ್ತದೆ. ಆಮೇಲೆ ಭೇದಿ, ಅದರ ಹಿಂದೆ ಬುದ್ಧಿಭ್ರಮಣೆ, ಕೊನೆಗೆ ಸಾವು.

ಈ ಜನ ಉಣ್ಣುತ್ತಿದ್ದುದಾದರೂ ಏನು? ಮುಖ್ಯವಾಗಿ ಮೂರು ಪದಾರ್ಥಗಳು: ಮುಸುಕಿನ ಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ಕೊಬ್ಬು, ಕಾಕಂಬಿ. ಹೊಟ್ಟೆಯೇನೋ ತುಂಬುತ್ತಿತ್ತು. ಆದರೆ ಮುಸುಕಿನ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ನಮ್ಮ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ಈ ಧಾನ್ಯವನ್ನು ಮೊದಲು ಬೆಳೆಸಿದ ಮೆಕ್ಸಿಕೊದ ಮೂಲನಿವಾಸಿಗಳು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ಸಿಪ್ಪೆ ತೆಗೆದು ಅರೆಯುತ್ತಿದ್ದರು. ಸುಣ್ಣ ಆ ಜೀವಸತ್ವವನ್ನು ಬಿಡಿಸಿಕೊಡುತ್ತದೆ. ಯುರೋಪಿನವರು ಕಾಳನ್ನು ಕೊಂಡೊಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. ಅಜ್ಜಿಯರ ಅಡುಗೆಯ ಕಟ್ಟಳೆಯನ್ನು ಮೌಢ್ಯವೆಂದು ನಗುವವರು ಈ ಸಂಗತಿಯನ್ನು ನೆನೆಯಬೇಕು!

ನಮ್ಮ ದಖ್ಖನ್ನಿನ ಬಿಳಿಜೋಳವೂ ಈ ಮಾತಿಗೆ ತೀರ ಹೊರಗಲ್ಲ. ಜೋಳವನ್ನೇ ನೆಚ್ಚಿದ ಬಡವರಲ್ಲಿ ಪೆಲಾಗ್ರ ಕಾಣಿಸುವುದನ್ನು ಕುರಿತು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅವರು 1960ರ ಸುಮಾರಿನಲ್ಲಿ ಸಂಶೋಧನೆ ನಡೆಸಿದರು. ರೊಟ್ಟಿಯೊಡನೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಇದ್ದವನ ಮಾತು ಬೇರೆ.

ಮತ್ತೆ ಅಮೆರಿಕಕ್ಕೆ ಬರೋಣ. ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತಷ್ಟೆ. ಹೊಲ ಮಾತ್ರ ಹಳೆಯ ಧಣಿಯದಾಗಿಯೇ ಉಳಿಯಿತು. ಭೂಮಿಯಿಲ್ಲದ ಕರಿಯರೂ ಬಡ ಬಿಳಿಯರೂ ಪಾಲಿಗೆ ಮಾಡತೊಡಗಿದರು. ಧಣಿಗೂ ಸಾಲ ಕೊಡುವ ವರ್ತಕನಿಗೂ ಬೇಕಾದದ್ದು ಹತ್ತಿ. ಹತ್ತಿಯನ್ನು ಗುಡಿಸಲಿನ ಹೊಸ್ತಿಲವರೆಗೂ ಬಿತ್ತಿದರು. ಕಾಯಿಪಲ್ಯದ ಪಾತಿಗೆ, ಹಸುವಿನ ಮೇವಿಗೆ ನೆಲವೆಲ್ಲಿ? ಕೊಯ್ಲಿನವರೆಗೆ ಧಣಿಯ ಅಂಗಡಿಯಿಂದ ಸಾಲದ ಮೇಲೆ ಬರುತ್ತಿದ್ದುದು ಮೇಲೆ ಹೇಳಿದ ಆ ಮೂರು ಪದಾರ್ಥಗಳೇ. ಚಳಿಗಾಲವೆಲ್ಲ ಅದನ್ನೇ ಉಂಡವರ ಕೈಮೇಲೆ ವಸಂತ ಬರುತ್ತಲೇ ಪೆಲಾಗ್ರದ ಕೆಂಪು ಏಳುತ್ತಿತ್ತು.

ಇದು ಅಂಟುರೋಗವೆಂದೇ ವೈದ್ಯರಲ್ಲಿ ಬಹುಮಂದಿಯ ನಂಬಿಕೆ. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಈ ಕೆಲಸಕ್ಕೆ ನೇಮಿಸಿತು. ಆತ ನ್ಯೂಯಾರ್ಕಿನ ವಲಸೆಗಾರರ ಕೇರಿಯಲ್ಲಿ ಬೆಳೆದ ದಿನಸಿ ಅಂಗಡಿಯವನ ಮಗ. ಹುಚ್ಚಾಸ್ಪತ್ರೆಗಳಲ್ಲಿ ಆತನ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: ರೋಗ ಒಳಗಿನ ರೋಗಿಗಳಿಗೆ ಬರುತ್ತದೆ, ಅವರನ್ನು ಮುಟ್ಟಿ ತಟ್ಟಿ ನೋಡಿಕೊಳ್ಳುವ ದಾದಿಯರಿಗೆ ಬರುವುದಿಲ್ಲ. ಅಂಟುರೋಗಕ್ಕೆ ಇಂಥ ಪಂಕ್ತಿಭೇದವುಂಟೆ? ಮಿಸಿಸಿಪಿಯ ಎರಡು ಅನಾಥಾಲಯಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದ, ರೋಗ ಮಾಯವಾಯಿತು. 1915ರಲ್ಲಿ ರ‍್ಯಾಂಕಿನ್ ಸೆರೆಮನೆಯ ತೋಟದಲ್ಲಿ, ಬಿಡುಗಡೆಯ ಆಸೆಗೆ ಒಪ್ಪಿದ 11 ಕೈದಿಗಳಿಗೆ ಬಡವರ ಊಟವನ್ನೇ ಇಕ್ಕಿಸಿದ. 6 ಮಂದಿಗೆ ಪೆಲಾಗ್ರ ಬಂತು. ಆಗಲೂ ನಂಬದವರಿದ್ದರು. 1916ರಲ್ಲಿ ಆತ ರೋಗಿಗಳ ರಕ್ತವನ್ನು ತನಗೇ ಚುಚ್ಚಿಸಿಕೊಂಡ. ಹೆಂಡತಿ ಮೇರಿಯೂ ಚುಚ್ಚಿಸಿಕೊಂಡಳು. ಯಾರಿಗೂ ರೋಗ ಬರಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಅದು ಬರಿಯ ವೈದ್ಯಶಾಸ್ತ್ರದ ಕಥೆಯಾಗುತ್ತಿತ್ತು. ಎಡ್ಗರ್ ಸಿಡೆನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನನ್ನು ಜೊತೆಗೆ ಕರೆದುಕೊಂಡು ಆತ ದಕ್ಷಿಣ ಕೆರೊಲಿನಾದ 7 ಗಿರಣಿ ಹಳ್ಳಿಗಳಲ್ಲಿ ಮನೆಮನೆಯ ವರಮಾನ, ಮನೆಮನೆಯ ಊಟ ಎರಡನ್ನೂ ಲೆಕ್ಕ ಹಾಕಿದ. ವರಮಾನ ಇಳಿದಷ್ಟೂ ರೋಗ ಏರಿತ್ತು. ಆದರೆ ಕೂಲಿಯೊಂದೇ ಕಾರಣವಲ್ಲ. ಸುತ್ತಲ ರೈತರು ತಾಜಾ ಮಾಂಸ, ತರಕಾರಿಗಳನ್ನು ತಂದು ಮಾರುತ್ತಿದ್ದ ನ್ಯೂರಿ ಎಂಬ ಹಳ್ಳಿಯಲ್ಲಿ ಆ ವರ್ಷ ಪೆಲಾಗ್ರ ಕಾಣಲೇ ಇಲ್ಲ. ಹತ್ತಿಯೇ ಸುತ್ತುವರಿದ ಹಳ್ಳಿಯಲ್ಲಿ ಮಾರುವವನೂ ಇಲ್ಲ, ಕೊಳ್ಳುವ ದಾರಿಯೂ ಇಲ್ಲ.

1921ರಲ್ಲಿ ಹತ್ತಿಯ ಬೆಲೆ ಕುಸಿದಾಗ, ರೋಗ ಹೆಚ್ಚೀತೆಂದು ಸರ್ಕಾರದ ಎಚ್ಚರಿಕೆ ಹೊರಟಿತು. ಅಧ್ಯಕ್ಷ ಹಾರ್ಡಿಂಗ್ ನೆರವಿನ ಮಾತೆತ್ತಿದ. ದಕ್ಷಿಣದ ಮುಖಂಡರು ಇದನ್ನು ಅವಮಾನವೆಂದು ತಿಳಿದರು. ನಮ್ಮಲ್ಲಿ ಕ್ಷಾಮವೆ, ನಮಗೆ ಭಿಕ್ಷೆಯೆ ಎಂದು ಪತ್ರಿಕೆಗಳೂ ಸಿಡಿದುವು. ಸೀಮೆಯ ಮಾನ ಉಳಿಸಲು ಕೂಲಿಯವನ ಚರ್ಮ ಸುಲಿಯುತ್ತಲೇ ಇರಬೇಕಾಯಿತು!

ಮನುಷ್ಯರು ಮಾಡದ ಉಪಕಾರವನ್ನು ಒಂದು ಹುಳು ಮಾಡಿತು. ಹತ್ತಿಕಾಯಿಯ ಸೊಂಡಿಲಹುಳು ಬೆಳೆಯನ್ನು ತಿಂದುಹಾಕಿದ ಕಡೆಗಳಲ್ಲಿ ರೈತರು ದಾರಿಗಾಣದೆ ಕಡಲೆಕಾಯಿ ಮೊದಲಾದ ಬೆಳೆಗಳಿಗೆ ತಿರುಗಿದರು. ಹಾಗೆ ಹತ್ತಿ ಕುಗ್ಗಿ ಊಟದ ಬೆಳೆ ಹೆಚ್ಚಿದ ಕೌಂಟಿಗಳಲ್ಲಿ ಪೆಲಾಗ್ರದ ಸಾವುಗಳೂ ಇಳಿದುವೆಂದು ಈಚಿನ ಅರ್ಥಶಾಸ್ತ್ರಜ್ಞರು ಲೆಕ್ಕ ತೆಗೆದಿದ್ದಾರೆ. ಅಲಬಾಮದ ಎಂಟರ್‌ಪ್ರೈಸ್ ಎಂಬ ಊರಿನಲ್ಲಿ 1919ರಲ್ಲಿ ಆ ಹುಳುವಿನ ಗೌರವಕ್ಕೆಂದು ಸ್ಮಾರಕವನ್ನೇ ನಿಲ್ಲಿಸಿದರು. ಅಲ್ಲಿನವರು ನೆನೆದದ್ದು ಕಡಲೆಕಾಯಿಯ ಹಣವನ್ನು; ಕಡಲೆಕಾಯಿಯಲ್ಲಿ ನಯಾಸಿನ್ ಧಾರಾಳವಾಗಿದೆಯೆಂದು ಆಗ ಯಾರಿಗೆ ಗೊತ್ತು?

ಗೋಲ್ಡ್‌ಬರ್ಗರ್ 1929ರಲ್ಲಿ ತೀರಿಕೊಂಡ. ಎಲ್ವೆಹೆಮ್ ಎಂಬ ವಿಜ್ಞಾನಿ ನಯಾಸಿನ್ನಿನ ಗುಣವನ್ನು 1937ರಲ್ಲಿ ನಾಯಿಗಳಲ್ಲಿ ತೋರಿಸಿದ. 1940ರ ದಶಕದಲ್ಲಿ ಹಿಟ್ಟಿಗೆ ಅದನ್ನು ಬೆರೆಸುವ ಪದ್ಧತಿ ಬಂತು, ಕೂಲಿಯೂ ಏರಿತು, ಪೆಲಾಗ್ರ ಹೋಯಿತು. ಹಿಟ್ಟನ್ನು ತಿದ್ದುವುದು ಹೊಲವನ್ನು ತಿದ್ದುವುದಕ್ಕಿಂತ ಅಗ್ಗ.

ಇಂದು ಅದೇ ಮಿಸಿಸಿಪಿಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 40 ಮಂದಿಗೆ ಬೊಜ್ಜಿನ ರೋಗ. ಕಾಕಂಬಿಯ ಜಾಗಕ್ಕೆ ಮುಸುಕಿನ ಜೋಳದಿಂದಲೇ ತೆಗೆದ ಸಿಹಿಪಾಕ ಬಂದಿದೆ, ಸೋಡಾ ಸೀಸೆಗಳಲ್ಲಿ. ಅಲ್ಲಿನ ಡೆಲ್ಟಾ ಸೀಮೆಯ ಮಣ್ಣು ಅಮೆರಿಕದಲ್ಲೇ ಹೆಸರಾದ ಫಲವತ್ತಾದ ಮಣ್ಣು. ಹತ್ತಿ, ಸೋಯಾ, ಮುಸುಕಿನ ಜೋಳ ಕಣ್ಣು ಹಾಯುವಷ್ಟು ದೂರ ಬೆಳೆದು ನಿಂತಿರುತ್ತವೆ. ಆ ಹೊಲಗಳ ನಡುವೆ ಇರುವ ಎಷ್ಟೋ ಊರುಗಳ ಬಡವರು ಒಂದು ಹಿಡಿ ತಾಜಾ ಸೊಪ್ಪು ಕೊಳ್ಳಬೇಕಾದರೆ ಕಾರು ಇರುವ ನೆರೆಯವರನ್ನು ಕೇಳಿಕೊಂಡು ಹಲವು ಮೈಲಿ ಹೋಗಬೇಕು.