ಉಗಿಯನ್ನು ತಡೆಯುವ ಬಿಲ್ಲೆ

ರಾಯಚೂರಿನ ಅಕ್ಕಿಯ ಚೀಲದ ಮೇಲೆ ‘ಸ್ಟೀಮ್ ಅಕ್ಕಿ’ ಎಂದು ಅಚ್ಚಾಗಿರುವುದನ್ನು ತಾವು ನೋಡಿರಬಹುದು. ಮಾನ್ವಿಯಿಂದಾಗಲಿ ಯಾಪಲದಿನ್ನಿಯ ಕಡೆಯಿಂದಾಗಲಿ ಬಂದ ಭತ್ತಕ್ಕೆ ಗಿರಣಿಯಲ್ಲಿ ಉಗಿ ಹಾಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಬಾಯ್ಲರಿಗೆ ಉರುವಲು ಬಹುಮಟ್ಟಿಗೆ ಭತ್ತದ ಹೊಟ್ಟೇ. ಆ ಉಗಿಯ ಕೊಳವೆಯ ಅಡಿಯಲ್ಲಿ ಮುಷ್ಟಿಗಾತ್ರದ ಒಂದು ಲೋಹದ ಸಾಧನವಿರುತ್ತದೆ. ಅದರ ಹೆಸರು ಸ್ಟೀಮ್ ಟ್ರ್ಯಾಪ್. ಇಂದಿನ ಮಾತು ಅದರ ಬಗೆಗೆ.

ಒಂದು ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 100 ಕ್ಯಾಲೊರಿ ಶಾಖ ಸಾಕು. ಕುದಿಯುವ ಅದೇ ನೀರು ಉಗಿಯಾಗಬೇಕಾದರೆ ಇನ್ನೂ ಸುಮಾರು 540 ಕ್ಯಾಲೊರಿ ಬೇಕು. ಉಗಿ ಮತ್ತೆ ನೀರಾಗುವಾಗ ಆ 540ನ್ನು ಹಿಂದಕ್ಕೆ ಕೊಡುತ್ತದೆ. ಭತ್ತ ಬೇಯುವುದು ಅದರಿಂದಲೇ. ಆದರೆ ಕೊಳವೆಯ ಗೋಡೆಯೂ ತನ್ನ ಪಾಲಿನ ಶಾಖವನ್ನು ಕಸಿದುಕೊಳ್ಳುತ್ತದೆ. ಹಾಗೆ ನೀರಾದದ್ದು ತಳದಲ್ಲಿ ನಿಲ್ಲುತ್ತದೆ.

ನಿಂತರೇನು ಎನ್ನುವಿರಾ? ಕೊಳವೆಯಲ್ಲಿ ಉಗಿ ಸೆಕೆಂಡಿಗೆ 25 ಮೀಟರು, ಎಂದರೆ ಗಂಟೆಗೆ 90 ಕಿಲೋಮೀಟರು ಓಡುವುದು ಸಾಮಾನ್ಯ. ತಳದ ನೀರನ್ನು ಅದು ಎತ್ತಿಕೊಂಡು ಹೋಗಿ ತಿರುವಿನಲ್ಲಿ ಸುತ್ತಿಗೆಯಂತೆ ಅಪ್ಪಳಿಸುತ್ತದೆ. ವಾಲ್ವುಗಳು ಒಡೆದದ್ದುಂಟು, ಹತ್ತಿರವಿದ್ದ ಕೆಲಸಗಾರರ ಪ್ರಾಣ ಹೋದದ್ದೂ ಉಂಟು. 1985ರಲ್ಲಿ ಮೊದಲ ಘಟಕ ಆರಂಭವಾದ ನಮ್ಮ ಶಕ್ತಿನಗರದಂಥ ವಿದ್ಯುತ್ ಕೇಂದ್ರಗಳಲ್ಲಿಯೂ ಟರ್ಬೈನಿನ ಅಲಗುಗಳಿಗೆ ನೀರು ತಾಗಗೊಡುವಂತಿಲ್ಲ. ಆದ್ದರಿಂದ ನೀರು ಹೊರಗೆ ಹೋಗಬೇಕು. ಉಗಿ ಮಾತ್ರ ಹೋಗಕೂಡದು. ಇವೆರಡನ್ನೂ ಕಣ್ಣಿಲ್ಲದ ಲೋಹ ಗುರುತಿಸುವುದು ಹೇಗೆ?

ಬಿಲ್ಲೆಯ ಟ್ರ್ಯಾಪಿನಲ್ಲಿ ಅಲುಗಾಡುವ ಭಾಗ ಒಂದೇ: ನಾಣ್ಯದಂಥ ಉಕ್ಕಿನ ಬಿಲ್ಲೆ. ಅದು ನಯವಾದ ಪೀಠದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಪೀಠದ ನಡುವೆ ಒಳಬರುವ ರಂಧ್ರ, ಅದರ ಸುತ್ತ ಹೊರಹೋಗುವ ದಾರಿ, ಮೇಲೆ ತಿರುಪಿನ ಮುಚ್ಚಳ. ನೀರು ಬಂದಾಗ ಬಿಲ್ಲೆಯನ್ನು ಎತ್ತಿ ಸುತ್ತಲೂ ಹರಿದು ಹೋಗುತ್ತದೆ. ನೀರು ಖಾಲಿಯಾಗುತ್ತ ಬಂದಂತೆ, ಹಿಂದಿನಿಂದ ಬರುವುದು ಉಗಿಯಷ್ಟೇ ಬಿಸಿಯಾದ ನೀರು. ಒತ್ತಡ ಇಳಿದೊಡನೆ ಅದರಲ್ಲಿ ಸ್ವಲ್ಪ ಭಾಗ ತಟಕ್ಕನೆ ಉಗಿಯಾಗಿ ಹಿಗ್ಗಿ ಬಿಲ್ಲೆಯ ಕೆಳಗೆ ಬಲು ವೇಗದಿಂದ ನುಗ್ಗುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುತ್ತದೆ. ದಾನಿಯೇಲ್ ಬರ್ನೂಲಿ 1738ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದ್ದು ಇದನ್ನೇ. ಎರಡು ಕಾಗದದ ಹಾಳೆಗಳನ್ನು ಎದುರುಬದುರಾಗಿ ಹಿಡಿದು ನಡುವೆ ಊದಿರಿ, ದೂರ ಸರಿಯುವ ಬದಲು ಹತ್ತಿರಕ್ಕೆ ಬರುತ್ತವೆ. ಬಿಲ್ಲೆಯೂ ಹಾಗೆಯೇ ಕೆಳಕ್ಕೆ ಸೆಳೆಯಲ್ಪಡುತ್ತದೆ. ಅಂಚಿನಿಂದ ನುಸುಳಿದ ಉಗಿ ಅದರ ಮೇಲಿನ ಕೋಣೆಯಲ್ಲಿ ತುಂಬಿ ಅದುಮಿ ಹಿಡಿಯುತ್ತದೆ.

ಕೆಳಗಿನ ಒತ್ತಡವೇ ಹೆಚ್ಚಲ್ಲವೇ, ಬಿಲ್ಲೆ ಹೇಗೆ ತಡೆದೀತು? ಕೆಳಗಿನದು ತಳ್ಳುವುದು ಸಣ್ಣ ರಂಧ್ರದಷ್ಟು ಜಾಗವನ್ನು. ಮೇಲಿನದು ಇಡೀ ಬಿಲ್ಲೆಯನ್ನು. ಅಗಲವೇ ಇಲ್ಲಿ ಬಲ. ಕೋಣೆಯ ಉಗಿ ಆರಿ ನೀರಾಗುತ್ತಲೇ ಹಿಡಿತ ಸಡಿಲಿ ಬಾಗಿಲು ತೆರೆಯುತ್ತದೆ. ಮಳೆಗೆ ತೋಯ್ದರೆ ಮುಚ್ಚಳ ಬೇಗ ಆರಿ, ನೀರಿಲ್ಲದಿದ್ದರೂ ಬಿಲ್ಲೆ ಪದೇ ಪದೇ ಏಳುತ್ತದೆ. ಆದುದರಿಂದ ಬಯಲಿನಲ್ಲಿರುವ ಟ್ರ್ಯಾಪಿಗೆ ಒಂದು ಟೊಪ್ಪಿಗೆ ಹಾಕುವುದುಂಟು.

ಎಲ್ಲ ಕಡೆಗೂ ಇದೇ ಸರಿ ಎನ್ನಲಾರೆ. ಭತ್ತ ಒಣಗಿಸುವ ಯಂತ್ರದ ಉಗಿಸುರುಳಿಗಳಿಗೆ, ನೀರು ಏಕಪ್ರಕಾರವಾಗಿ ಬರುತ್ತಿರುವುದರಿಂದ, ತೇಲುಗುಂಡಿನ ಟ್ರ್ಯಾಪೇ ಮೇಲು. ಉದ್ದನೆಯ ಮುಖ್ಯ ಕೊಳವೆಗೆ ಬಿಲ್ಲೆಯೇ ಒಪ್ಪುತ್ತದೆ. ನೀರಿನ ಹೊಡೆತಕ್ಕೂ ಅದು ಸುಲಭವಾಗಿ ಕೆಡುವುದಿಲ್ಲ.

ಅದರ ಆರೋಗ್ಯ ತಿಳಿಯಲು ಕಿವಿ ಬೇಕು. ಅನುಭವಿ ಕೆಲಸಗಾರ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮುಚ್ಚಳಕ್ಕೆ ತಾಗಿಸಿ ಹಿಡಿಯನ್ನು ಕಿವಿಗಿಡುತ್ತಾನೆ. ಬಿಟ್ಟು ಬಿಟ್ಟು ‘ಟಕ್’ ಎಂದರೆ ಕ್ಷೇಮ. ಎಡೆಬಿಡದೆ ಪಟಪಟನೆ ಬಡಿದುಕೊಳ್ಳುತ್ತಿದ್ದರೆ ಪೀಠ ಸವೆದಿದೆ, ಇಲ್ಲವೇ ಕಸ ಸಿಕ್ಕಿದೆ. ಹೊಟ್ಟು ಉರಿಸಿ ಮಾಡಿದ ಉಗಿ ಗಾಳಿಗೆ ಹೋಗುತ್ತಿದೆ. ಟ್ರ್ಯಾಪು ತಣ್ಣಗಿದ್ದು ಸದ್ದೇ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು, ನೀರು ಒಳಗೇ ನಿಂತಿರಬಹುದು. ಆಗ ಎರಡೂ ಬದಿಯ ವಾಲ್ವು ಮುಚ್ಚಿ, ಒತ್ತಡ ಪೂರ್ತಿ ಇಳಿದ ಮೇಲೆ ಮುಚ್ಚಳ ತಿರುಚಿ, ಬಿಲ್ಲೆಯನ್ನು ಅಂಗೈಗೆ ತೆಗೆದುಕೊಳ್ಳುತ್ತಾರೆ. ಗೀರು ಸಣ್ಣದಾದರೆ ನುಣುಪಾದ ಅರೆವ ಪುಡಿಯಲ್ಲಿ ಉಜ್ಜಿ ಸಮಮಾಡಿ ಮತ್ತೆ ಕೂಡಿಸುತ್ತಾರೆ.