ಚಿಕ್ಕ ಅಕ್ಷರದ ಲೆಕ್ಕ



ಈ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಹಳೆಯ ನೆನಪುಗಳನ್ನು ಉಳಿದವರು ಹೇಳುತ್ತಾರೆ, ನಾನೊಂದು ತಪ್ಪೊಪ್ಪಿಕೊಳ್ಳಬೇಕಿದೆ.

ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಿಲೋಗ್ರಾಂನ ಸಂಕೇತವನ್ನು ಇಂಗ್ಲಿಷಿನ ಎರಡೂ ಚಿಕ್ಕ ಅಕ್ಷರಗಳಲ್ಲಿ ಬರೆದಿದ್ದಳು. ನಾನು ಅರ್ಧ ಅಂಕ ಕಳೆದೆ. ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದುದು ದೊಡ್ಡ ಕೆ. ಅವಳು ಪಠ್ಯಪುಸ್ತಕ ತೆರೆದು ತೋರಿಸಿದಳು. ಅವಳದೇ ಸರಿ. "ಎರಡೂ ನಡೆಯುತ್ತೆ, ಹೋಗಮ್ಮ" ಎಂದು ಸಾಗಹಾಕಿದೆ.

ನಡೆಯುವುದಿಲ್ಲ. ದೊಡ್ಡ ಕೆ ಎಂದರೆ ಕೆಲ್ವಿನ್, ತಾಪಮಾನದ ಏಕಮಾನ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲವಲ್ಲ, ಹಾಗಾಗಿ ಇಂಗ್ಲಿಷಿನ ದೊಡ್ಡಕ್ಷರ ನಮಗೆ ಬರೀ ಅಲಂಕಾರವಾಗಿ ಕಾಣುತ್ತದೆ. ಏಕಮಾನಗಳಲ್ಲಿ ಅದಕ್ಕೆ ಅರ್ಥವಿದೆ. ವ್ಯಾಟ್ ಹಿಂದೆ ಚಿಕ್ಕ ಎಂ ಬಂದರೆ ಮಿಲಿವ್ಯಾಟ್, ದೊಡ್ಡ ಎಂ ಬಂದರೆ ಮೆಗಾವ್ಯಾಟ್. ನಡುವಿನ ಅಂತರ ನೂರು ಕೋಟಿ ಪಟ್ಟು! ನ್ಯೂಟನ್, ವ್ಯಾಟ್, ವೋಲ್ಟಾ ಇಂಥವರ ಹೆಸರಿನಿಂದ ಬಂದ ಏಕಮಾನಗಳಿಗೆ ಸಂಕೇತ ದೊಡ್ಡಕ್ಷರ. ಮೀಟರ್, ಗ್ರಾಂ, ಸೆಕೆಂಡಿಗೆ ಚಿಕ್ಕದು. ಲೀಟರಿಗೆ ಮಾತ್ರ ಎರಡೂ ಸಲ್ಲುತ್ತವೆ. ಚಿಕ್ಕ ಎಲ್ ನೋಡಲು ಒಂದು ಎಂಬ ಅಂಕಿಯ ಹಾಗೇ ಇರುತ್ತದೆ. 5ರ ಪಕ್ಕಕ್ಕೆ ಜಾಗ ಬಿಡದೆ ಅಂಟಿಸಿ ಬರೆದರೆ ಐದು ಲೀಟರ್ 51 ಆಗಿಬಿಡುತ್ತದೆ. ತೋಟಕ್ಕೆ ಔಷಧಿ ಕಲೆಸುವಾಗ ಚೀಟಿ ಬರೆದುಕೊಡುವವರು ಅಂಕಿಗೂ ಸಂಕೇತಕ್ಕೂ ನಡುವೆ ಜಾಗ ಬಿಡಿ.

ಗ್ರಾಂಗೆ ಜಿ ಒಂದೇ ಸಾಕು. ಅಂಗಡಿ ಚೀಟಿಗಳಲ್ಲಿರುವ ಜಿ-ಎಂ ತಪ್ಪು. ಕಿಲೋಮೀಟರಿಗೆ ಬಹುವಚನದ ಎಸ್ ಸೇರಿಸಬಾರದು, ಎಸ್ ಎಂದರೆ ಸೆಕೆಂಡು. ಸಂಕೇತದ ಮುಂದೆ ಚುಕ್ಕಿಯೂ ಬೇಡ. ನಾವು ಕನ್ನಡದಲ್ಲಿ ಕಿ.ಗ್ರಾಂ. ಎಂದು ಬರೆಯುವುದು ಬೇರೆ. ಅದು ಪದದ ಸಂಕ್ಷೇಪ, ಅಲ್ಲಿ ಚುಕ್ಕಿ ಇರಲಿ.

ಇಲ್ಲಿರುವ ಹಿರಿಯರು ಸೇರು, ಪಾವು, ಕೊಳಗ ಕಂಡವರು. ಸೀಮೆ ದಾಟಿದರೆ ಸೇರಿನ ಅಳತೆಯೇ ಬದಲಾಗುತ್ತಿತ್ತು. 1956ರ ಕಾಯಿದೆಯಾಗಿ, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದ ಮೇಲೆ ಆ ಗೊಂದಲ ಹೋಯಿತು. ಅಳತೆ ಎಲ್ಲೆಡೆ ಒಂದೇ ಆದ್ದರಿಂದ ಸಂಕೇತವೂ ಒಂದೇ. ಜಪಾನಿನ ಮಕ್ಕಳೂ ಅದೇ ಎರಡು ಚಿಕ್ಕ ಅಕ್ಷರ ಬರೆಯುತ್ತಾರೆ.

ಮರುವರ್ಷದಿಂದ ನಾನೂ ಬೋರ್ಡಿನ ಮೇಲೆ ಚಿಕ್ಕ ಕೆ ಬರೆದೆ. ಏಕೆಂದು ಯಾರಿಗೂ ಹೇಳಲಿಲ್ಲ, ಆ ಹುಡುಗಿಗೂ. ಅವಳು ಈ ಸಭೆಯಲ್ಲಿದ್ದರೆ ಊಟಕ್ಕೆ ಮೊದಲು ನನ್ನನ್ನು ಕಾಣಲಿ. ಅವಳ ಅರ್ಧ ಅಂಕ ಇನ್ನೂ ನನ್ನ ಬಳಿಯೇ ಇದೆ.